ನಾಯಿ ಆಹಾರದ ಚೀಲದ ಹಿಂಬದಿಯನ್ನು ಓದುವವರಾರು?

ಬೀದಿನಾಯಿಗಳ ಕುರಿತು ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ಆದೇಶವೊಂದನ್ನು ನೀಡಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸಬೇಕೆಂದು ಅದೇ ವರ್ಷ ನವೆಂಬರ್ 7ರಂದು ನಿರ್ದೇಶಿಸಿತು. ಅಂದಿನಿಂದ ನಮ್ಮ ಕಾಸರಗೋಡಿನ ಶಾಲೆಗಳ ಅಧ್ಯಾಪಕರ ಕೊಠಡಿಗಳಲ್ಲಿಯೂ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿಯೂ ನಾಯಿಯೇ ಒಂದು ವಿಷಯವಾಗಿದೆ. ಬೀದಿಯಲ್ಲಿ ನಾಯಿಗೆ ಅನ್ನ ಹಾಕಬಹುದೇ, ಹಾಕುವುದಾದರೆ ಎಲ್ಲಿ, ಎಂಜಲನ್ನು ಏನು ಮಾಡುವುದು ಎಂಬ ಚರ್ಚೆ ಅಗತ್ಯವೇ ಆಗಿದೆ. ಆದರೆ ಈ ಗದ್ದಲದ ನಡುವೆ ಇನ್ನೊಂದು ಬದಲಾವಣೆ ಯಾರ ಗಮನಕ್ಕೂ ಬಾರದೆ ನಡೆದುಹೋಗಿದೆ. ಮನೆಯ ನಾಯಿಯ ತಟ್ಟೆಯಿಂದ ಕುಚ್ಚಲಕ್ಕಿಯ ಗಂಜಿ ಮೆಲ್ಲನೆ ಸರಿದು, ಅದರ ಜಾಗಕ್ಕೆ ಕಾರ್ಖಾನೆಯಲ್ಲಿ ತಯಾರಾದ ಗುಳಿಗೆ ಬಂದು ಕುಳಿತಿದೆ.

ಹತ್ತು ಹದಿನೈದು ವರ್ಷಗಳ ಹಿಂದೆ ಮಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಚೀಲಗಳು ಇಂದು ಒಳನಾಡಿನ ದಿನಸಿ ಅಂಗಡಿಗಳಲ್ಲಿ ಅಕ್ಕಿ ಮೂಟೆಯ ಪಕ್ಕದಲ್ಲಿಯೇ ನಿಂತಿವೆ. ಅಡಿಕೆ ತೋಟಕ್ಕೆ ಹಂದಿ ಬಾರದಿರಲೆಂದು ಸಾಕಿದ ನಾಡತಳಿಯ ನಾಯಿಗೂ ಅದೇ ಗುಳಿಗೆ, ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ತಂದೆ ಮಗಳ ಹುಟ್ಟುಹಬ್ಬಕ್ಕೆ ಕೊಡಿಸಿದ ಲ್ಯಾಬ್ರಡಾರ್ ಮರಿಗೂ ಅದೇ ಗುಳಿಗೆ. ಇದನ್ನು ತಪ್ಪೆಂದು ನಾನು ಹೇಳುತ್ತಿಲ್ಲ. ಸರಿಯಾಗಿ ತಯಾರಿಸಿದ ಸಿದ್ಧ ಆಹಾರವು ಬರಿಯ ಗಂಜಿ ಮತ್ತು ಬೂತಾಯಿ ಮೀನಿನ ತಲೆಗಿಂತ ಎಷ್ಟೋ ಮೇಲು. ಆದರೆ ಚೀಲದೊಳಗೆ ಇರುವುದು ಸರಿಯಾದದ್ದೋ ಅಲ್ಲವೋ ಎಂದು ತಿಳಿಯುವ ದಾರಿ ಒಂದೇ: ಅದರ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದುದನ್ನು ಓದುವುದು. ಅದು ಇಂಗ್ಲಿಷಿನಲ್ಲಿದೆ. ಇಂಗ್ಲಿಷ್ ಬಲ್ಲವರಿಗೂ ಅರ್ಥವಾಗದ ಇಂಗ್ಲಿಷಿನಲ್ಲಿದೆ.

ಈ ಲೇಖನಕ್ಕೆ ಕಾರಣವಾದ ಘಟನೆಯನ್ನು ಹೇಳಿಬಿಡುತ್ತೇನೆ. ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಮೂರು ತಿಂಗಳ ಲ್ಯಾಬ್ರಡಾರ್ ಮರಿಯೊಂದಿತ್ತು. ಊರಿನ ಅಂಗಡಿಯಿಂದ ಅರ್ಧ ಕಿಲೋ, ಒಂದು ಕಿಲೋ ಎಂದು ತೂಗಿಸಿ ತಂದ ಗುಳಿಗೆಯನ್ನು ಅವರು ಗಂಜಿಗೆ ಕಲಸಿ ಹಾಕುತ್ತಿದ್ದರು. ಗಂಜಿ ಮುಕ್ಕಾಲು, ಗುಳಿಗೆ ಕಾಲು. ಮರಿ ಗುಂಡುಗುಂಡಾಗಿ ಬೆಳೆಯಿತು. ಐದನೆಯ ತಿಂಗಳಿಗೆ ಅದರ ಮುಂಗಾಲುಗಳು ಬಿಲ್ಲಿನಂತೆ ಬಾಗಿದವು, ಎದ್ದು ನಿಲ್ಲಲು ಮರಿ ಅಳತೊಡಗಿತು. ಮಂಗಳೂರಿನಲ್ಲಿ ಎಕ್ಸ್‌ರೇ ತೆಗೆಸಿದಾಗ ಪಶುವೈದ್ಯರು ಎಲುಬು ತೆಳುವಾಗಿದೆ, ಸುಣ್ಣಾಂಶ ಸಾಲದು ಎಂದರು. ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿದರೆ ತಾಯಿಯ ಬಳಿ ಉತ್ತರವಿರಲಿಲ್ಲ. ಚೀಲವನ್ನೇ ಅವರು ನೋಡಿರಲಿಲ್ಲ. ಮರುದಿನ ಅಂಗಡಿಯವರಿಂದ ಖಾಲಿ ಚೀಲವೊಂದನ್ನು ಕೇಳಿ ಪಡೆದು ಶಾಲೆಗೆ ತಂದರು. “ಮಾಷ್ಟ್ರೇ, ಇದರಲ್ಲಿ ಏನು ಬರೆದಿದ್ದಾರೆಂದು ಒಮ್ಮೆ ಓದಿ ಹೇಳ್ತೀರಾ?” ಎಂದರು. ಓದಿದೆ. ಎದುರು ಭಾಗದಲ್ಲಿಯೇ ದೊಡ್ಡದಾಗಿ ‘ಅಡಲ್ಟ್’ ಎಂದಿತ್ತು. ಬೆಳೆದ ನಾಯಿಯ ಆಹಾರವನ್ನು, ಅದೂ ಮೂರು ಪಾಲು ಗಂಜಿಯಲ್ಲಿ ಕರಗಿಸಿ, ಬೆಳೆಯುವ ಮರಿಗೆ ಹಾಕಲಾಗಿತ್ತು.

ಆ ಚೀಲವನ್ನು ನಾನು ಒಂಬತ್ತನೆಯ ತರಗತಿಗೆ ಒಯ್ದೆ. ಹಿಂಬದಿಯಲ್ಲಿರುವುದನ್ನು ಕನ್ನಡಕ್ಕೆ ತನ್ನಿ ಎಂದೆ. ‘ಚಿಕನ್ ಮೀಲ್’ ಎಂಬುದು ‘ಕೋಳಿಯೂಟ’ವಾಯಿತು. ‘ಕ್ರೂಡ್ ಪ್ರೋಟೀನ್’ ಎಂಬುದು ‘ಒರಟು ಪ್ರೋಟೀನ್’ ಆಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, ನಾಯಿಯ ಆಹಾರಕ್ಕೆ ಬೂದಿಯನ್ನು ಯಾಕೆ ಬೆರೆಸುತ್ತಾರೆ ಎಂದು ಕೇಳಿದ. ‘ಆಶ್’ ಎಂದು ಅಲ್ಲಿ ಅಚ್ಚಾಗಿತ್ತು. ತರಗತಿ ನಕ್ಕಿತು, ನಾನು ನಗಲಿಲ್ಲ, ಏಕೆಂದರೆ ಪದವೀಧರರಾದ ನನ್ನ ಸಹೋದ್ಯೋಗಿಗಳೂ ಅದಕ್ಕೆ ಉತ್ತರ ಹೇಳಲಾರದೆ ಹೋಗಿದ್ದರು.

ಬೂದಿಯನ್ನು ಯಾರೂ ಬೆರೆಸುವುದಿಲ್ಲ. ಆಹಾರದ ಮಾದರಿಯನ್ನು ಪ್ರಯೋಗಾಲಯದಲ್ಲಿ ಪೂರ್ತಿಯಾಗಿ ಸುಟ್ಟಾಗ ಉಳಿಯುವ ಖನಿಜಾಂಶವೇ ಆಶ್. ಸುಣ್ಣ, ರಂಜಕ, ಮೆಗ್ನೀಸಿಯಂ ಮೊದಲಾದವು ಅದರಲ್ಲಿ ಸೇರಿರುತ್ತವೆ. ಪ್ರಮಾಣ ಬಹಳ ಹೆಚ್ಚಿದ್ದರೆ ಎಲುಬಿನ ಪುಡಿಯನ್ನು ಧಾರಾಳವಾಗಿ ಸುರಿದಿದ್ದಾರೆಂದು ಊಹಿಸಬಹುದು. ‘ಚಿಕನ್ ಮೀಲ್’ ಎಂಬುದು ಕೋಳಿಯ ಮಾಂಸ, ಚರ್ಮ, ಎಲುಬುಗಳನ್ನು ಬೇಯಿಸಿ, ಕೊಬ್ಬು ಮತ್ತು ನೀರನ್ನು ತೆಗೆದು, ಒಣಗಿಸಿ ಮಾಡಿದ ಹುಡಿ. ಮಾಂಸ ಬೇಯಿಸುವ ಮನೆಯವರಿಗೆ ‘ಹುಡಿ’ ಎಂದೊಡನೆ ಕೀಳೆನಿಸುತ್ತದೆ, ‘ತಾಜಾ ಕೋಳಿ’ ಎಂದೊಡನೆ ಮೇಲೆನಿಸುತ್ತದೆ. ಇಲ್ಲಿಯೇ ಮೊದಲ ಮೋಸಹೋಗುವಿಕೆ.

ಘಟಕಾಂಶಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಕೊಡುವುದು ಈ ಉದ್ಯಮದ ರೂಢಿ. ಆದರೆ ಆ ತೂಕ ಬೇಯಿಸುವ ಮೊದಲಿನದು. ಒಂದು ಕ್ವಿಂಟಲ್ ಮಿಶ್ರಣಕ್ಕೆ 25 ಕಿಲೋ ತಾಜಾ ಕೋಳಿ, 22 ಕಿಲೋ ಜೋಳ ಹಾಕಿದ್ದಾರೆಂದು ಭಾವಿಸೋಣ. ಪಟ್ಟಿಯಲ್ಲಿ ಕೋಳಿಗೇ ಅಗ್ರಸ್ಥಾನ. ತಾಜಾ ಕೋಳಿಯಲ್ಲಿ ಸುಮಾರು 70 ಶೇಕಡ ನೀರು. ಒಣಗಿದ ಮೇಲೆ ಉಳಿಯುವುದು ಏಳೂವರೆ ಕಿಲೋ. ಜೋಳದಲ್ಲಿ ನೀರು 12 ಶೇಕಡದಷ್ಟು ಮಾತ್ರ; ಉಳಿಯುವುದು ಹತ್ತೊಂಬತ್ತು ಕಿಲೋಗಿಂತ ಹೆಚ್ಚು. ನಾಯಿಯ ತಟ್ಟೆಗೆ ಬಂದು ಬೀಳುವುದು ಜೋಳದ ಗುಳಿಗೆ, ನಾವು ಹಣ ಕೊಟ್ಟದ್ದು ಕೋಳಿಗೆ. ಇದಕ್ಕೆ ಹೋಲಿಸಿದರೆ ನೀರು ಮೊದಲೇ ಹೋಗಿರುವ ‘ಚಿಕನ್ ಮೀಲ್’ ಪಟ್ಟಿಯ ಮೇಲ್ತುದಿಯಲ್ಲಿದ್ದರೆ ಅದೇ ಹೆಚ್ಚು ನಂಬತಕ್ಕದ್ದು. ಕೆಲವರು ಜೋಳ, ಜೋಳದ ಗ್ಲುಟೆನ್, ಅಕ್ಕಿ, ನುಚ್ಚಕ್ಕಿ, ತೌಡು ಎಂದು ಧಾನ್ಯವನ್ನು ಐದು ಹೆಸರುಗಳಾಗಿ ಒಡೆದು ಪಟ್ಟಿಯ ಕೆಳಗೆ ಕೆಳಗೆ ಹಂಚಿಬಿಡುತ್ತಾರೆ. ಕೂಡಿಸಿ ನೋಡಿದರೆ ಮೇಲಿನ ಮಾಂಸ ಎಲ್ಲಿಯೋ ಉಳಿಯುತ್ತದೆ. ಏಳನೆಯ ತರಗತಿಯ ಗಣಿತ ಸಾಕು ಇದಕ್ಕೆ.

‘ಬೈ-ಪ್ರಾಡಕ್ಟ್’ ಎಂಬ ಪದವನ್ನು ಕಂಡು ಹೆದರಬೇಕಾಗಿಲ್ಲ. ಪಿತ್ತಕೋಶ, ಶ್ವಾಸಕೋಶ, ಗುಲ್ಮ, ಮೂತ್ರಕೋಶಗಳು ಮನುಷ್ಯನಿಗೆ ಬೇಡವಾದರೂ ನಾಯಿಗೆ ಪೌಷ್ಟಿಕವೇ. ಹೆದರಬೇಕಾದದ್ದು ಹೆಸರಿಲ್ಲದ ಮಾಂಸಕ್ಕೆ. ‘ಚಿಕನ್ ಬೈ-ಪ್ರಾಡಕ್ಟ್’ ಎಂದಿದ್ದರೆ ಯಾವ ಪ್ರಾಣಿಯೆಂದು ತಿಳಿಯುತ್ತದೆ. ಬರಿಯ ‘ಮೀಟ್ ಆಂಡ್ ಮೀಟ್ ಬೈ-ಪ್ರಾಡಕ್ಟ್ಸ್’ ಎಂದಿದ್ದರೆ ಈ ತಿಂಗಳ ಚೀಲದಲ್ಲಿದ್ದುದು ಮುಂದಿನ ತಿಂಗಳ ಚೀಲದಲ್ಲಿ ಇರಬೇಕೆಂದಿಲ್ಲ.

ಚೀಲದ ಎದುರಿನ ಹೆಸರಿಗೂ ಒಳಗಿನ ವಸ್ತುವಿಗೂ ಇರುವ ದೂರವನ್ನು ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘ, ಅಂದರೆ ‘ಆಫ್ಕೊ’ ಎಂದು ಕರೆಯಲ್ಪಡುವ ಸಂಸ್ಥೆ, ಅಳೆದು ನಿಗದಿಪಡಿಸಿದೆ. ಅಲ್ಲಿ ಉತ್ಪನ್ನದ ಹೆಸರೇ ‘ಕೋಳಿ’ ಎಂದಿದ್ದರೆ ನೀರನ್ನು ಬಿಟ್ಟು 95 ಶೇಕಡ ಕೋಳಿ ಇರಬೇಕು. ‘ಕೋಳಿಯ ಡಿನ್ನರ್’ ಎಂದರೆ 25 ಶೇಕಡ ಸಾಕು. ‘ಕೋಳಿಯೊಂದಿಗೆ’ ಎಂದರೆ ಮೂರೇ ಶೇಕಡ. ‘ಕೋಳಿಯ ರುಚಿ’ ಎಂದರೆ ರುಚಿ ತಿಳಿಯುವಷ್ಟಿದ್ದರೆ ಆಯಿತು. ಐರೋಪ್ಯ ಒಕ್ಕೂಟದಲ್ಲಿ ‘ಕೋಳಿಯೊಂದಿಗೆ’ ಎನ್ನಲು ಕನಿಷ್ಠ ನಾಲ್ಕು ಶೇಕಡ ಬೇಕು. ನಮ್ಮೂರಿನ ಅಂಗಡಿಯ ಚೀಲಗಳ ಮೇಲೆ ಇಡಿಯ ಹುರಿದ ಕೋಳಿ, ಕ್ಯಾರೆಟ್, ಬಟಾಣಿಗಳ ಚಿತ್ರ ಮೆರೆಯುತ್ತದೆ. ಅವು ಆ ದೇಶಗಳ ನಿಯಮಕ್ಕೆ ಬದ್ಧವೂ ಅಲ್ಲ. ಕೆಂಪು, ಹಸಿರು ಗುಳಿಗೆಗಳ ಮಾತಂತೂ ಇನ್ನೂ ವಿನೋದ. ನಾಯಿಯ ಕಣ್ಣಿಗೆ ಕೆಂಪು ಮತ್ತು ಹಸಿರುಗಳ ಭೇದ ಚೆನ್ನಾಗಿ ತಿಳಿಯದು. ಬಣ್ಣ ಹಾಕಿರುವುದು ಹಣ ಕೊಡುವ ಯಜಮಾನನಿಗಾಗಿ.

ಇನ್ನು ಶೇಕಡಾವಾರು ಅಂಕಿಗಳು. ಒಣ ಗುಳಿಗೆಯ ಚೀಲವೊಂದರಲ್ಲಿ ಪ್ರೋಟೀನ್ ಕನಿಷ್ಠ 20, ಕೊಬ್ಬು ಕನಿಷ್ಠ 10, ನಾರು ಗರಿಷ್ಠ 5, ತೇವ ಗರಿಷ್ಠ 12 ಎಂದಿದೆಯೆನ್ನೋಣ. ಪಕ್ಕದಲ್ಲಿರುವ ಮೆತ್ತನೆಯ ಗ್ರೇವಿಯ ಪೊಟ್ಟಣದಲ್ಲಿ ಪ್ರೋಟೀನ್ 8, ತೇವ 80. ಇಪ್ಪತ್ತು ದೊಡ್ಡದೋ ಎಂಟು ದೊಡ್ಡದೋ? ನೀರನ್ನು ಕಳೆದು ಲೆಕ್ಕ ಹಾಕಬೇಕು. ಒಣ ಚೀಲದಲ್ಲಿ 88 ಪಾಲು ಘನವಸ್ತುವಿನಲ್ಲಿ 20 ಪ್ರೋಟೀನ್, ಅಂದರೆ ಸುಮಾರು 22.7 ಶೇಕಡ. ಪೊಟ್ಟಣದಲ್ಲಿ 20 ಪಾಲು ಘನವಸ್ತುವಿನಲ್ಲಿ 8, ಅಂದರೆ 40 ಶೇಕಡ. ಆದರೆ ಆ ಪೊಟ್ಟಣದ ನೂರು ಗ್ರಾಮಿನಲ್ಲಿ ಎಂಬತ್ತು ಗ್ರಾಂ ನೀರಿಗೆ ನಾವು ಬೆಲೆ ತೆತ್ತಿರುತ್ತೇವೆ ಎಂಬುದನ್ನೂ ಮರೆಯಬಾರದು. ನೀರನ್ನು ಕಳೆದ ಲೆಕ್ಕದಲ್ಲಿ ಬೆಳೆದ ನಾಯಿಗೆ ಕನಿಷ್ಠ 18 ಶೇಕಡ ಪ್ರೋಟೀನ್, ಐದೂವರೆ ಶೇಕಡ ಕೊಬ್ಬು. ಮರಿಗೂ ಗಬ್ಬದ ಹಾಗೂ ಹಾಲೂಡಿಸುವ ನಾಯಿಗೂ 22.5 ಶೇಕಡ ಪ್ರೋಟೀನ್, ಎಂಟೂವರೆ ಶೇಕಡ ಕೊಬ್ಬು ಬೇಕೆಂಬುದು ಆಫ್ಕೊದ ಅಳತೆ. ಕಾರ್ಬೋಹೈಡ್ರೇಟ್ ಎಷ್ಟೆಂದು ಸಾಮಾನ್ಯವಾಗಿ ಅಚ್ಚಾಗಿರುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ತೇವ, ಬೂದಿಗಳನ್ನು ಕೂಡಿಸಿ ನೂರರಿಂದ ಕಳೆದರೆ ಸಿಗುತ್ತದೆ. ಮೇಲಿನ ಒಣ ಚೀಲದಲ್ಲಿ ಬೂದಿ ಎಂಟೆಂದು ಹಿಡಿದರೆ ಅದು 45.

‘ಕ್ರೂಡ್’ ಎಂಬ ವಿಶೇಷಣದ ಹಿಂದೆ ಒಂದು ದುರಂತದ ಕಥೆಯೇ ಇದೆ. ಪ್ರಯೋಗಾಲಯವು ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತದೆ. ಹೀಗಾಗಿ ಸಾರಜನಕವಿರುವ ಯಾವ ವಸ್ತುವೂ ಕಾಗದದ ಮೇಲೆ ಪ್ರೋಟೀನಾಗಿ ತೋರಬಲ್ಲದು. 2007ರಲ್ಲಿ ಉತ್ತರ ಅಮೆರಿಕದಲ್ಲಿ ನಾಯಿ-ಬೆಕ್ಕುಗಳು ಮೂತ್ರಜನಕಾಂಗ ಕೆಟ್ಟು ಸಾಯತೊಡಗಿದವು. ಚೀನದಿಂದ ಬಂದ ಗೋಧಿ ಗ್ಲುಟೆನ್‌ಗೆ ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ಮೆಲಮೈನನ್ನು ಬೆರೆಸಿ ಪ್ರೋಟೀನಿನ ಅಂಕಿಯನ್ನು ಉಬ್ಬಿಸಲಾಗಿತ್ತು. ಮರುವರ್ಷ ಅದೇ ವಿಷ ಚೀನದ ಶಿಶುಗಳ ಹಾಲಿನ ಪುಡಿಯಲ್ಲಿ ಪತ್ತೆಯಾಯಿತು. ಸುಮಾರು ಮೂರು ಲಕ್ಷ ಮಕ್ಕಳು ಬಾಧಿತರಾದರು. ನಾಯಿಗಳ ಸಾವು ಮೊದಲೇ ಎಚ್ಚರಿಕೆ ಕೊಟ್ಟಿತ್ತು.

ನಮ್ಮ ದೇಶದಲ್ಲಿ ಇದರ ಮೇಲೆ ಕಣ್ಣಿಡುವವರು ಯಾರು? 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಲ್ಲಿ ‘ಆಹಾರ’ ಎಂದರೆ ಮನುಷ್ಯರ ಸೇವನೆಗೆ ಉದ್ದೇಶಿಸಿದ್ದು. ಪಶು ಆಹಾರವನ್ನು ಆ ವ್ಯಾಖ್ಯೆ ಹೊರಗಿಟ್ಟಿದೆ. ಬಿಸ್ಕತ್ತಿನ ಪೊಟ್ಟಣವನ್ನು ಪರೀಕ್ಷೆಗೆ ಒಯ್ಯುವ ಆಹಾರ ಸುರಕ್ಷತಾ ಅಧಿಕಾರಿ ನಾಯಿಯ ಬಿಸ್ಕತ್ತನ್ನು ಮುಟ್ಟುವ ಹಾಗಿಲ್ಲ. ನಾಯಿ ಮತ್ತು ಬೆಕ್ಕಿನ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 11968 ಎಂಬ ಮಾನಕವಿದೆ. ಕುಡಿಯುವ ನೀರಿನ ಬಾಟಲಿಯ ಮೇಲೆ ಕಾಣುವಂಥ ಐಎಸ್‌ಐ ಗುರುತನ್ನು ಈ ಚೀಲಗಳ ಮೇಲೆ ಹುಡುಕಿ ನೋಡಿ, ಹೆಚ್ಚಿನವುಗಳಲ್ಲಿ ಸಿಗಲಾರದು. ಹೊರದೇಶದಿಂದ ಬರುವ ಚೀಲಕ್ಕೆ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ನೈರ್ಮಲ್ಯ ಆಮದು ಪರವಾನಿಗೆ ಬೇಕು. ಉಳಿದಂತೆ ಎಲ್ಲರಿಗೂ ಅನ್ವಯಿಸುವುದು ತೂಕ, ಬೆಲೆ, ತಯಾರಕರ ವಿಳಾಸ, ದೂರು ಸಲ್ಲಿಸಬೇಕಾದ ದೂರವಾಣಿ ಮೊದಲಾದವನ್ನು ಅಚ್ಚುಮಾಡಬೇಕೆನ್ನುವ 2011ರ ಕಾನೂನುಮಾಪನ ನಿಯಮಗಳು.

ಭಾಷೆಯ ಪ್ರಶ್ನೆ ಇರುವುದು ಇಲ್ಲಿಯೇ. ಆ ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ಘೋಷಣೆಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿರಬೇಕು. ಜೊತೆಗೆ ಬೇರೊಂದು ಭಾಷೆಯನ್ನು ಬಳಸುವುದಕ್ಕೆ ಅಡ್ಡಿಯಿಲ್ಲ ಎಂದು ಒಂದು ಸಾಲು ಇದೆ. ಅಡ್ಡಿಯಿಲ್ಲ ಎಂಬುದು ಹಕ್ಕಲ್ಲ. ಆದರೆ ಅದು ಮುಚ್ಚಿದ ಬಾಗಿಲೂ ಅಲ್ಲ. ನಮ್ಮ ಗಡಿನಾಡಿನ ಕನ್ನಡಿಗರು ಕಛೇರಿಯ ನಾಮಫಲಕ, ಅರ್ಜಿ ನಮೂನೆ, ಪರೀಕ್ಷೆಯ ಪ್ರಶ್ನೆಪತ್ರಿಕೆಗಳಿಗಾಗಿ ದಶಕಗಳಿಂದ ಹೋರಾಡುತ್ತ ಬಂದಿದ್ದೇವೆ. ಪೊಟ್ಟಣದ ಭಾಷೆಗಾಗಿ ಒಂದು ಮನವಿಯನ್ನೂ ಬರೆದ ನೆನಪು ನನಗಿಲ್ಲ. ಅಚ್ಚಾದ ಎಚ್ಚರಿಕೆಯನ್ನು ಓದಲಾಗದೆ ಹೋದರೆ ಏನಾಗುತ್ತದೆ ಎಂಬುದನ್ನು, ಎಂಡೋಸಲ್ಫಾನನ್ನು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಜಿಲ್ಲೆಯವರಾದ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ಎರಡರ ಗಾತ್ರ ಒಂದೇ ಎಂದು ಹೇಳುವ ಅವಿವೇಕ ನನ್ನದಲ್ಲ. ಅಭ್ಯಾಸ ಒಂದೇ ಎನ್ನುತ್ತಿದ್ದೇನೆ.

ಮತ್ತೆ ಆ ಅರ್ಧ ಕಿಲೋ ತೂಗಿ ಕೊಡುವ ಅಂಗಡಿಗೆ ಬರೋಣ, ಏಕೆಂದರೆ ನಮ್ಮ ಪ್ರದೇಶದಲ್ಲಿ ನಿಜವಾದ ಅಪಾಯವಿರುವುದು ಅಲ್ಲಿ. ಹತ್ತು, ಇಪ್ಪತ್ತು ಕಿಲೋದ ಚೀಲವನ್ನು ಬಿಚ್ಚಿ, ಬಾಯಿ ತೆರೆದಿಟ್ಟು, ಕೇಳಿದವರಿಗೆ ಕೇಳಿದಷ್ಟು ತೂಗಿಕೊಡುವುದು ಬಡವರಿಗೆ ಉಪಕಾರವೇ. ಒಮ್ಮೆಗೆ ಎರಡು ಮೂರು ಸಾವಿರ ರೂಪಾಯಿ ತೆರಲು ಎಲ್ಲರಿಂದಲೂ ಆಗದು. ಆದರೆ ತೂಗಿಕೊಟ್ಟ ಪ್ಲಾಸ್ಟಿಕ್ ತೊಟ್ಟೆಯ ಮೇಲೆ ಯಾವುದೂ ಅಚ್ಚಾಗಿರುವುದಿಲ್ಲ: ಮರಿಗೋ ಬೆಳೆದ ನಾಯಿಗೋ, ಯಾವಾಗ ತಯಾರಾದದ್ದು, ಯಾವಾಗಿನವರೆಗೆ ಬಳಸಬಹುದು, ಯಾರು ಮಾಡಿದ್ದು. ಗುಳಿಗೆಯ ಹೊರಮೈಗೆ ಕೊಬ್ಬನ್ನು ಸಿಂಪಡಿಸಿರುತ್ತಾರೆ. ಗಾಳಿ ತಾಗಿದ ದಿನದಿಂದಲೇ ಆ ಕೊಬ್ಬು ಕಮಟಾಗತೊಡಗುತ್ತದೆ, ಇ ಜೀವಸತ್ವ ನಾಶವಾಗುತ್ತದೆ. ಅದನ್ನು ತಡೆಯಲೆಂದೇ ಬಿಎಚ್‌ಎ, ಬಿಎಚ್‌ಟಿ ಎಂಬ ಸಂರಕ್ಷಕಗಳನ್ನು, ಅಥವಾ ‘ಮಿಕ್ಸ್‌ಡ್ ಟೋಕೋಫೆರಾಲ್ಸ್’ ಎಂದು ನಮೂದಿಸುವ ಇ ಜೀವಸತ್ವದ ಬಗೆಗಳನ್ನು ಬೆರೆಸಿರುತ್ತಾರೆ. ಎರಡನೆಯದು ಸಹಜವೆಂದು ಹೊಗಳಿಸಿಕೊಳ್ಳುತ್ತದೆ. ಆದರೆ ಅದರ ಬಾಳಿಕೆ ಕಡಿಮೆ, ಬಿಚ್ಚಿದ ಚೀಲವನ್ನು ಬೇಗ ಮುಗಿಸಬೇಕು.

ಕೊಬ್ಬು ಕಮಟಾದರೆ ಮೂಗಿಗಾದರೂ ತಿಳಿಯುತ್ತದೆ. ತಿಳಿಯದಿರುವುದು ಬೂಷ್ಟು. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಪಿಷ್ಟ ತುಂಬಿದ ಗುಳಿಗೆಗೆ ಹಿಡಿಯದೇ? ಜೋಳ ಮತ್ತು ನೆಲಗಡಲೆಯ ಹಿಂಡಿಯ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಸ್ರವಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತ ಬಳಿಕ ಈ ವಿಷ ಜಗತ್ತಿಗೆ ತಿಳಿಯಿತು. ಕಾಳಿನಲ್ಲಿ ಒಮ್ಮೆ ಸೇರಿದರೆ ಕಾರ್ಖಾನೆಯ ಬಿಸಿಗೂ ಅದು ಪೂರ್ತಿಯಾಗಿ ಅಳಿಯದು. ಅಮೆರಿಕದಲ್ಲಿ ಸಾಕುಪ್ರಾಣಿಗಳ ಆಹಾರದಲ್ಲಿ ನೂರು ಕೋಟಿ ಪಾಲಿನಲ್ಲಿ ಇಪ್ಪತ್ತು ಪಾಲನ್ನು ದಾಟಿದರೆ ಅಧಿಕಾರಿಗಳು ಕ್ರಮ ಕೈಗೊಳ್ಳುತ್ತಾರೆ. ಅಷ್ಟು ಕಟ್ಟುನಿಟ್ಟಿದ್ದರೂ 2020-21ರಲ್ಲಿ ಜೋಳ ಬೆರೆಸಿದ ಆಹಾರವೊಂದನ್ನು ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿ ಅಲ್ಲಿಂದಲೇ ಬಂತು.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. 1974ರಲ್ಲಿ ರಾಜಸ್ಥಾನ ಹಾಗೂ ಗುಜರಾತಿನ ಬುಡಕಟ್ಟು ಪ್ರದೇಶದ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳವನ್ನು ತಿಂದವರಿಗೆ ಕಾಮಾಲೆ, ಜಲೋದರ ಬಂದು ನೂರಾರು ಮಂದಿ ರೋಗಪೀಡಿತರಾದರು, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದೇ ಜೋಳವನ್ನು ಹಂಚಿಕೊಂಡು ತಿಂದ ಆ ಮನೆಗಳ ನಾಯಿಗಳೂ ಅದೇ ರೋಗದಿಂದ ಸತ್ತವು. ಮನುಷ್ಯನ ಉಗ್ರಾಣವೂ ನಾಯಿಯ ತಟ್ಟೆಯೂ ಬೇರೆಬೇರೆಯಲ್ಲ. ಮಳೆಗಾಲದಲ್ಲಿ ನಾಯಿ ಇದ್ದಕ್ಕಿದ್ದಂತೆ ಆಹಾರ ಬಿಟ್ಟು, ವಾಂತಿ ಮಾಡಿ, ಕಣ್ಣಿನ ಬಿಳಿಯೂ ವಸಡೂ ಹಳದಿಯಾದರೆ ಚೀಲವನ್ನೂ ಕೈಯಲ್ಲಿ ಹಿಡಿದು ಮೃಗಾಸ್ಪತ್ರೆಗೆ ಹೋಗಬೇಕು. ತೂಗಿಸಿ ತಂದವನ ಕೈಯಲ್ಲಿ ಚೀಲವೇ ಇರುವುದಿಲ್ಲ.

ಆದ್ದರಿಂದ ಸಾಧ್ಯವಿದ್ದಷ್ಟು ಸಣ್ಣ ಚೀಲವನ್ನೇ ಮುಚ್ಚಿದ ಸ್ಥಿತಿಯಲ್ಲಿ ಕೊಳ್ಳಿ. ನೆರೆಯ ಇಬ್ಬರು ಸೇರಿ ಒಂದು ಚೀಲ ತಂದು ಅಂದೇ ಹಂಚಿಕೊಂಡರೂ ಆಗುತ್ತದೆ. ಗುಳಿಗೆಯನ್ನು ಚೀಲದಿಂದ ಸುರಿದುಬಿಡದೆ, ಚೀಲಸಮೇತ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿದರೆ ಒಳ್ಳೆಯದು.

ಎಷ್ಟು ಹಾಕಬೇಕೆಂಬುದಕ್ಕೂ ಲೆಕ್ಕವಿದೆ. ಹತ್ತು ಕಿಲೋ ತೂಗುವ, ಸಂತಾನಹರಣ ಚಿಕಿತ್ಸೆಯಾದ ನಾಡನಾಯಿಗೆ ದಿನಕ್ಕೆ ಸುಮಾರು 630 ಕಿಲೋ ಕ್ಯಾಲರಿ ಬೇಕು. ನೂರು ಗ್ರಾಮಿಗೆ 350 ಕಿಲೋ ಕ್ಯಾಲರಿಯ ಗುಳಿಗೆಯಾದರೆ 180 ಗ್ರಾಂ. ಕಿಲೋಗೆ 300 ರೂಪಾಯಿ ಎಂದು ಹಿಡಿದರೆ ದಿನಕ್ಕೆ 54, ತಿಂಗಳಿಗೆ 1,620 ರೂಪಾಯಿ. ಹೆಚ್ಚಿನ ಮನೆಗಳಲ್ಲಿ ಇದು ಸಾಧ್ಯವಿಲ್ಲ, ಹಾಗಾಗಿಯೇ ಗಂಜಿಗೆ ಬೆರೆಸುತ್ತಾರೆ. ಬೆಳೆದ ನಾಯಿಗೆ ಅರ್ಧಕ್ಕಿಂತ ಹೆಚ್ಚು ಗುಳಿಗೆ ಇಟ್ಟು, ಉಳಿದುದಕ್ಕೆ ಅನ್ನದ ಜೊತೆ ಮೊಟ್ಟೆಯನ್ನೋ ಬೇಯಿಸಿ ಮುಳ್ಳು ತೆಗೆದ ಮೀನನ್ನೋ ಸೇರಿಸಿದರೆ ಹೇಗೋ ನಡೆದೀತು. ಮರಿಗೆ ಈ ರಿಯಾಯಿತಿ ಇಲ್ಲ. ಬೆಳೆಯುವ ಮರಿಯ ಆಹಾರದಲ್ಲಿ ನೀರು ಕಳೆದ ಲೆಕ್ಕಕ್ಕೆ ಕನಿಷ್ಠ 1.2 ಶೇಕಡ ಸುಣ್ಣಾಂಶ ಬೇಕು. ಅನ್ನದಲ್ಲಿಯೂ ಎಲುಬಿಲ್ಲದ ಮಾಂಸದಲ್ಲಿಯೂ ಅದು ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ತುದಿಯ ತಪ್ಪೂ ಇದೆ. ಒಳ್ಳೆಯ ಮರಿ ಆಹಾರವನ್ನೇ ಹಾಕುತ್ತಿರುವವರು ಔಷಧದಂಗಡಿಯ ಮಾತು ಕೇಳಿ ಅದರ ಮೇಲೆ ಕ್ಯಾಲ್ಸಿಯಂ ಟಾನಿಕ್ಕನ್ನು ಕುಡಿಸುತ್ತಾರೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್‌ಗಳಂಥ ದೊಡ್ಡ ತಳಿಯ ಮರಿಗಳಲ್ಲಿ ಸುಣ್ಣಾಂಶ 1.8 ಶೇಕಡವನ್ನು ಮೀರಬಾರದು. ಎಳೆಯ ಮರಿಯ ಕರುಳಿಗೆ ಹೆಚ್ಚಾದುದನ್ನು ತಡೆಯುವ ಶಕ್ತಿ ಇಲ್ಲ, ಕೀಲುಗಳು ಕೆಡುತ್ತವೆ.

ಅನ್ನವೇ ನಾಯಿಗೆ ವಿಷವೆಂಬಂತೆ ಈಚೆಗೆ ಸಾಮಾಜಿಕ ಜಾಲತಾಣಗಳಲ್ಲಿ ಹರಡುತ್ತಿರುವ ಮಾತನ್ನು ಮಾತ್ರ ನಂಬಬೇಡಿ. ತೋಳಕ್ಕೆ ಪಿಷ್ಟವನ್ನು ಜೀರ್ಣಿಸುವ ಜೀನಿನ ಎರಡೇ ಪ್ರತಿಗಳಿದ್ದರೆ ನಾಯಿಗೆ ನಾಲ್ಕರಿಂದ ಮೂವತ್ತರವರೆಗೆ ಇವೆಯೆಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನುಷ್ಯನ ಒಲೆಯ ಪಕ್ಕ ಸಾವಿರಾರು ವರ್ಷ ಕುಳಿತುದರ ಫಲ ಅದು. ಧಾನ್ಯರಹಿತವೆಂದು ದುಬಾರಿ ಬೆಲೆಗೆ ಮಾರುವ ಚೀಲಗಳಲ್ಲಿ ಧಾನ್ಯದ ಬದಲು ಬಟಾಣಿ, ಮಸೂರ, ಆಲೂಗಡ್ಡೆ ತುಂಬಿರುತ್ತದೆ. ಅಂಥ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧವಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರ ಜುಲೈಯಲ್ಲಿ ತನಿಖೆ ಆರಂಭಿಸಿತು. ಕಾರ್ಯಕಾರಣ ಸಂಬಂಧ ಸಾಬೀತಾಗಿಲ್ಲ, ಆದರೆ ಹೆಚ್ಚು ಬೆಲೆ ತೆತ್ತು ಸಂಶಯವನ್ನು ಕೊಳ್ಳುವ ಅಗತ್ಯವೂ ನಮಗಿಲ್ಲ. ಮಾಂಸ ಬೇಯಿಸದ ಮನೆಯವರು ಕೇಳುವ ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ. ಸರಿಯಾಗಿ ರೂಪಿಸಿದ ಸಸ್ಯಾಹಾರದ ಗುಳಿಗೆಯಲ್ಲಿ ನಾಯಿ ಬದುಕಬಲ್ಲದು, ಬೆಕ್ಕಿಗೆ ಅದು ಸಾಲದು. ಯಾವ ಮನೆಯಾದರೂ ನಿನ್ನೆಯ ಸಾಂಬಾರನ್ನು ನಾಯಿಯ ಅನ್ನಕ್ಕೆ ಸುರಿಯಬೇಡಿ: ಈರುಳ್ಳಿ, ಬೆಳ್ಳುಳ್ಳಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಜನಕಾಂಗಕ್ಕೆ ಮಾರಕ.

ಚೀಲದ ಮೇಲೆ ಹುಡುಕಬೇಕಾದ ಒಂದೇ ವಾಕ್ಯವನ್ನು ಹೇಳಿ ಎಂದರೆ, ‘ಕಂಪ್ಲೀಟ್ ಆಂಡ್ ಬ್ಯಾಲೆನ್ಸ್‌ಡ್’ ಎಂಬುದರ ಜೊತೆಗೆ ಯಾವ ವಯಸ್ಸಿನ ನಾಯಿಗೆ ಎಂದು ಬರೆದಿರುವ ಸಾಲನ್ನು ಹೇಳುತ್ತೇನೆ. ಪೌಷ್ಟಿಕಾಂಶಗಳ ಲೆಕ್ಕ ಹಾಕಿಯಷ್ಟೇ ಹೀಗೆ ಬರೆಯಬಹುದು, ಅಥವಾ ನಾಯಿಗಳಿಗೆ ತಿನ್ನಿಸಿ ನೋಡಿಯೂ ಬರೆಯಬಹುದು. ಬೆಳೆದ ನಾಯಿಗಳ ಆಹಾರಕ್ಕೆ ಆಫ್ಕೊದ ತಿನ್ನಿಸುವ ಪರೀಕ್ಷೆಯೆಂದರೆ ಎಂಟು ನಾಯಿಗಳಿಗೆ 26 ವಾರ. ದೊಡ್ಡ ಪರೀಕ್ಷೆಯೇನೂ ಅಲ್ಲ, ಆದರೆ ಏನೂ ಇಲ್ಲದುದಕ್ಕಿಂತ ಮೇಲು. ಆ ಸಾಲೇ ಇಲ್ಲದ ಚೀಲ ತಿಂಡಿಯ ಚೀಲ, ಊಟದ್ದಲ್ಲ. ಪಶು ಪೋಷಣಾ ತಜ್ಞರು ನಿಮ್ಮಲ್ಲಿದ್ದಾರೆಯೇ, ಆಹಾರ ಎಲ್ಲಿ ತಯಾರಾಗುತ್ತದೆ, ಪ್ರತಿ ತಂಡದ ಸರಕಿಗೂ ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡುತ್ತೀರಾ ಎಂದು ಚೀಲದ ಮೇಲಿರುವ ದೂರವಾಣಿಗೆ ಕರೆ ಮಾಡಿ ಕೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಸ್ತುವಿನ ಗುಣ, ಶುದ್ಧತೆ, ಮಾನಕಗಳನ್ನು ತಿಳಿಯುವುದನ್ನು ಗ್ರಾಹಕನ ಹಕ್ಕೆಂದು ಹೇಳಿದೆ. ಉತ್ತರ ಸಿಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಮರಿಯ ವಿಷಯ. ಮರಿಗಳಿಗಾಗಿಯೇ ತಯಾರಿಸಿದ ಆಹಾರಕ್ಕೆ ಬದಲಾಯಿಸಿ, ಎರಡು ತಿಂಗಳು ಓಡಲು ಬಿಡದೆ ನೋಡಿಕೊಂಡ ಮೇಲೆ ಅದು ನಿಂತಿತು, ನಡೆಯಿತು. ಎಡಗಾಲು ಸ್ವಲ್ಪ ಸೊಟ್ಟಗೆಯೇ ಉಳಿದಿದೆ. ಒಂಬತ್ತನೆಯ ತರಗತಿಯವರು ಚೀಲದ ಹಿಂಬದಿಯ ಇಪ್ಪತ್ತೆಂಟು ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದು ಒಂದು ಹಾಳೆ ಸಿದ್ಧಪಡಿಸಿದರು; ಅಂಗಡಿಯವರು ಬೇಸರಿಸದೆ ಅದನ್ನು ತಕ್ಕಡಿಯ ಹಿಂದಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ, ಬಿಚ್ಚಿದ ಚೀಲದ ಮೇಲೆ ಬಿಚ್ಚಿದ ದಿನಾಂಕವನ್ನು ಬರೆಯುತ್ತಿದ್ದಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಅದರಂತೆ ಕನ್ನಡ ಪ್ರದೇಶದ ಮೃಗಾಸ್ಪತ್ರೆಗಳಲ್ಲಿ ಸಾಕುಪ್ರಾಣಿಗಳ ಆಹಾರದ ಕುರಿತ ತಿಳುವಳಿಕೆ ಪತ್ರ ಕನ್ನಡದಲ್ಲಿಯೂ ಸಿಗಬೇಕೆಂದು ಮಕ್ಕಳ ಸಹಿಯಿರುವ ಮನವಿಯನ್ನು ಪಶುಸಂಗೋಪನಾ ಇಲಾಖೆಗೆ ಕನ್ನಡದಲ್ಲಿಯೇ ಕಳುಹಿಸಿದ್ದೇವೆ. ಚೀಲದ ತಯಾರಕರಿಗೂ ಒಂದು ಪತ್ರ ಹೋಗಿದೆ. ಅವರಿಂದ ಮರುದಿನವೇ ಉತ್ತರ ಬಂತು, ನಿಮ್ಮ ಸಂದೇಶ ತಲುಪಿದೆ ಎಂದು, ಇಂಗ್ಲಿಷಿನಲ್ಲಿ. ಎರಡನೆಯ ಪತ್ರವನ್ನು ಮಕ್ಕಳು ಬರೆಯುತ್ತಿದ್ದಾರೆ.